ಮೆಹರುನಬಿಯ ಕಾಲು

ನವಲಗುಂದದ ಮೆಹರುನಬಿ ಜಮಖಾನೆ ನೇಯುವವಳು. ಮಗ್ಗದ ಮುಂದಿನ ಹಲಗೆಯ ಮೇಲೆ ಕಾಲು ಮಡಚಿ ಕೂತಳೆಂದರೆ ಊಟಕ್ಕೆ ಗಂಡ ಗೌಸ್ ಮತ್ತೆ ಮತ್ತೆ ಕೂಗಬೇಕು. ಕಳೆದ ಚಳಿಗಾಲದಲ್ಲಿ ಅವನು ಕೂಗುವ ಮೊದಲೇ ಆಕೆ ಏಳತೊಡಗಿದಳು. ಬಲತೊಡೆಯಲ್ಲಿ ಒಂದು ಗಡ್ಡೆ. ನೋವಿರಲಿಲ್ಲ, ಆದರೆ ಕಾಲು ಮಡಚಲು ಬಿಡುತ್ತಿರಲಿಲ್ಲ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಅದು ಪೇರಲಹಣ್ಣಿನಷ್ಟಾದಾಗ ಗೌಸನೇ ಅವಳ ನಡಿಗೆ ನೋಡಿ ಕಂಡುಹಿಡಿದ.

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಮಾಂಸಖಂಡದ ಕ್ಯಾನ್ಸರ್ ಎಂದರು. ರಕ್ತನಾಳಕ್ಕೆ ಹತ್ತಿಕೊಂಡಿದೆ, ಕಾಲು ತೆಗೆಯಬೇಕಾದೀತು ಎಂದರು. ಮನೆಗೆ ಬಂದವಳೇ ಆಕೆ ರೊಟ್ಟಿಗೆ ಹಿಟ್ಟು ನಾದಿದಳು. ಗೌಸ್ ಒಲೆಯ ಬಾಜು ಕುಕ್ಕರಗಾಲಲ್ಲಿ ಕೂತು, "ಮೆಹರು, ಇನ್ನೊಬ್ಬರಿಗೆ ತೋರಸೂಣು" ಎಂದ.

ಆ ಇನ್ನೊಬ್ಬರು ಹುಬ್ಬಳ್ಳಿಯ ಡಾಕ್ಟರ್ ಐಶ್ವರ್ಯ, ಕುಂದಗೋಳ ಕಡೆಯವರು. ಕುರ್ಚಿಯನ್ನು ಮೆಹರುನಬಿಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಇಲ್ಲೊಂದು ಹೊಸಾ ಪ್ರಯೋಗ ನಡದೈತ್ರಿ. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣ, ನ್ಯಾನೊ ಕಣ ಅಂತಾರ, ಸೂಜಿಲೆ ಗಡ್ಡಿಯೊಳಗ ಬಿಡ್ತೀವಿ. ಆಮ್ಯಾಲೆ ಕರೆಂಟ್, ಅಂದ್ರ ವಿಕಿರಣ, ಕೊಡೋದು."

"ಬರೇ ಕರೆಂಟ್ ಸಾಲೂದಿಲ್ಲೇನ್ರಿ?" ಗೌಸ್ ಕೇಳಿದ.

"ಅದನ್ನ ಜಾಸ್ತಿ ಮಾಡಿದ್ರ ಬಾಜೂದ ಚೊಲೋ ಮಾಂಸಾನೂ ಸುಡತೈತ್ರಿ. ಬಿಸಲು ಅಂಗಳಕ್ಕೆಲ್ಲಾ ಬೀಳತೈತಿ, ಆದ್ರ ತಗಡು ಇದ್ದಲ್ಲಿ ಕೈ ಇಡಾಕ ಆಗೂದಿಲ್ಲ, ಹೌದಿಲ್ರಿ? ಹಂಗ ಕಣ ಇದ್ದಲ್ಲಿ ಪೆಟ್ಟು ಜೋರ ಬೀಳತೈತಿ. ಗಡ್ಡಿ ಸತ್ರ ಕಾಲು ಉಳಿಸಿ ಅದನ್ನಷ್ಟ ತಗೀಬಹುದು. ಖಾತ್ರಿ ಮಾತ್ರ ಇಲ್ರಿ. ಪ್ರಯೋಗ ಬ್ಯಾಡ ಅಂದ್ರೂ ನಿಮ್ಮ ಉಪಚಾರ ನಿಲ್ಲೂದಿಲ್ಲ."

ಗೌಸ್ ಹೆಂಡತಿಯ ಮುಖ ನೋಡಿದ. ಆಕೆ ಅವನತ್ತ ತಿರುಗಲಿಲ್ಲ. "ಕಾಲು ನಂದು. ಮಾಡ್ರಿ," ಎಂದಳು.

ಸೂಜಿ ಚುಚ್ಚಿದ ದಿನ ಸಂಜೆ ಸಣ್ಣ ಜ್ವರ ಬಂತು, ಇಳಿಯಿತು. ಆಮೇಲೆ ವಾರಗಟ್ಟಲೆ ಹುಬ್ಬಳ್ಳಿಗೆ ಓಡಾಟ. ಗೌಸ್ ತನ್ನ ಟಂಟಂ ಆಟೊ ಓಡಿಸುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿ ದಿನಾ ಜೊತೆಗೆ ಹೋದ. ಬಸ್ಸು ಖಾಲಿಯಿದ್ದರೆ ಆಕೆಯ ಕಾಲನ್ನು ತನ್ನ ತೊಡೆಯ ಮೇಲೆ ಚಾಚಿಸಿಕೊಳ್ಳುತ್ತಿದ್ದ. ಚರ್ಮ ಕೆಂಪಾಯಿತು, ಸುಸ್ತು ಏರಿತು. ಒಂದು ದಿನ ಮೆಹರುನಬಿ ರೇಗಿದಳು:

"ದಿನಾ ಯಾಕ ಬರ್ತೀರಿ? ನನಗ ದಾರಿ ಗೊತ್ತಿಲ್ಲೇನು?"

"ನನಗ ಮನ್ಯಾಗ ಒಬ್ಬನ ಕುಂದ್ರಾಕ ಬರೂದಿಲ್ಲ," ಎಂದ ಗೌಸ್.

ಆಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎಷ್ಟೋ ವಾರಗಳ ಮೇಲೆ ಬಂದ ನಗು.

ಕರೆಂಟ್ ಮುಗಿದ ಮೇಲೆ ನೋಡಿದರೆ ಗಡ್ಡೆ ಅಷ್ಟೇನೂ ಕುಗ್ಗಿರಲಿಲ್ಲ. ಗೌಸನ ಮುಖ ಬಾಡಿತು. ಆಪರೇಷನ್ ಮಾಡಿ ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದಾಗ ತಿಳಿಯಿತು, ಒಳಗೆ ಹೆಚ್ಚಿನ ಭಾಗ ಸತ್ತೇಹೋಗಿತ್ತು. ಕಾಲು ಉಳಿಯಿತು. ಒಂದಿಷ್ಟು ಮಾಂಸಖಂಡ ಹೋಯಿತು. ಈಗ ಆಕೆ ಕುಂಟುತ್ತಾಳೆ, ಕಾಲು ಚಾಚಿಯೇ ನೇಯುತ್ತಾಳೆ.

"ಆ ಕಣದಿಂದನ ಆರಾಮಾತೇನ್ರಿ?" ಎಂದು ಆಕೆ ಕೇಳಿದ್ದಳು.

"ನಿಮ್ಮೊಬ್ಬರನ್ನ ನೋಡಿ ಹೇಳಾಕ ಆಗೂದಿಲ್ರಿ," ಎಂದಿದ್ದರು ಡಾಕ್ಟರ್.

ಮೊನ್ನೆ ತಪಾಸಣೆಗೆ ಹೋದಾಗ ತಿರ್ಲಾಪುರದ ರೇವವ್ವ ಎಂಬಾಕೆ ಅದೇ ಸೂಜಿಗೆಂದು ಬಂದು, ಒಳಗೆ ಹೋಗಲು ಹೆದರಿ ಗೋಡೆಗೆ ಒರಗಿ ನಿಂತಿದ್ದಳು. ಮೆಹರುನಬಿ ಕುಂಟುತ್ತ ಹತ್ತಿರ ಹೋದಳು.

"ನನ್ನ ಕಾಲು ಉಳೀತ್ರಿ. ನಿಮಗ ಹೆಂಗ ಆಗತೈತೋ ನನಗ ಗೊತ್ತಿಲ್ಲ. ಆದ್ರ ಬಾಗಲತನಕ ನಾ ಬರ್ತೀನಿ, ನಡೀರಿ."

ರೇವವ್ವ ಆಕೆಯ ರಟ್ಟೆ ಹಿಡಿದಳು. ಇಬ್ಬರೂ ಮೆಲ್ಲಗೆ ನಡೆದರು.