ಹುಣಸೆಮರದ ಮೈಕಿನಲ್ಲಿ ನನ್ನ ಪಾಠ

ಒಂದು ಕಡೆ ಕೂತಿರುವುದು ನನಗೆ ಬರುವುದಿಲ್ಲ. ಸೇಲಂನ ಮನೆಯಲ್ಲಿ ಕಾಫಿಯನ್ನೂ ನಿಂತೇ ಕುಡಿಯುತ್ತೇನೆ. ಮೆಟ್ಟೂರು ಬಸ್ಸಿನಲ್ಲಿ ಸೀಟು ಸಿಕ್ಕರೂ ಇಳಿಯುವ ಜಾಗ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿರುತ್ತೇನೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದದ್ದು ಸುಳ್ಳಲ್ಲ.

ಇಂಥವಳಿಗೆ ಟೀಚರ್ ಕೆಲಸ ಸಿಕ್ಕಿದ್ದು ಮೆಟ್ಟೂರಿನಾಚೆಯ ಒಂದು ಹಳ್ಳಿ ಶಾಲೆಯಲ್ಲಿ. ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ, ಪುಸ್ತಕದಲ್ಲಿ ಓದುವುದು ತಮಿಳು. ಶಾಲೆಗೆ ಯಾವಾಗಲೋ ಬಂದಿದ್ದ ದೊಡ್ಡ ಪರದೆ, ನೆಟ್‌ವರ್ಕ್ ಇಲ್ಲದೆ, ಹಳೇ ಪಂಚೆ ಹೊದ್ದುಕೊಂಡು ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾರಾದರೂ ಬಂದು ಸರಿಮಾಡಲಿ ಎಂದು ಕಾಯುವ ಜೀವವೂ ನನ್ನದಲ್ಲ. ಒಂದು ಸಂಜೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅಂಗೈಯಗಲದ ಸ್ಪೀಕರ್ ಡಬ್ಬಿಗಳನ್ನು ಕೊಂಡೆ. ಮುದುಕರು ದೇವರ ಹಾಡು ಕೇಳಲು ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾರಲ್ಲ, ಅಂಥವು, ತೀರಾ ಅಗ್ಗದವು. ಉಗುರಿನಷ್ಟು ಮೆಮೊರಿ ಕಾರ್ಡುಗಳಿಗೆ ನನ್ನ ದನಿಯಲ್ಲೇ ಪಾಠ ತುಂಬಿದೆ. ತಮಿಳು ಪುಸ್ತಕದಲ್ಲಿರುವುದನ್ನು ಆ ಊರಿನ ಕನ್ನಡದಲ್ಲಿ ಬಿಡಿಸಿ ಹೇಳಿದ್ದು, ಅಷ್ಟೆ. ಮಕ್ಕಳು ಡಬ್ಬಿಗಳನ್ನು ಸರದಿಯ ಮೇಲೆ ಮನೆಗೆ ಒಯ್ಯುತ್ತಿದ್ದರು.

ಪಾಠದ ನಡುವೆ ಪ್ರಶ್ನೆ ಕೇಳಿ, ಉತ್ತರಕ್ಕೆಂದು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದೆ. ಸುಮ್ಮನಿರುವುದು ನನಗೆ ದೊಡ್ಡ ಶಿಕ್ಷೆ. ರೆಕಾರ್ಡ್ ಮಾಡುವಾಗ ತುಟಿ ಕಚ್ಚಿಕೊಂಡಿರುತ್ತಿದ್ದೆ. ಮಕ್ಕಳು ಮಾತ್ರ ಪಾತ್ರೆ ಉಜ್ಜುತ್ತಾ, ಎಮ್ಮೆ ಮೈ ತೊಳೆಯುತ್ತಾ, ಡಬ್ಬಿಗೆ ಗಂಟಲು ಹರಿಯುವಂತೆ ಉತ್ತರ ಕೊಡುವುದನ್ನು ರೂಢಿಮಾಡಿಕೊಂಡರು. ಪ್ರತಿ ಪಾಠದ ಕೊನೆಗೂ "ನಾಳೆ ಬತ್ತೀಯಾ?" ಎಂದು ಕೇಳಿ ಮತ್ತೆ ಸುಮ್ಮನಾಗುತ್ತಿದ್ದೆ. ಅದಕ್ಕೂ ಅವರು ಉತ್ತರ ಕೊಡುತ್ತಿದ್ದರು.

ಎಲ್ಲರಿಗಿಂತ ಜೋರು ಏಳನೇ ಕ್ಲಾಸಿನ ಒಬ್ಬ ಹುಡುಗಿ. ಪಕ್ಕದ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಣೆಕಟ್ಟಿನ ನೀರಿನಿಂದ ಕರೆಂಟು ಹೇಗೆ ಬರುತ್ತದೆ ಎಂದು ಕೇಳಿ ಕೇಳಿ ನನ್ನ ತಲೆ ತಿಂದಿದ್ದಳು. ಅವಳ ಕಾಟ ತಾಳಲಾರದೆ ಅದರ ಮೇಲೆಯೇ ಒಂದು ಪಾಠ ಮಾಡಿ, ಆ ಕಾರ್ಡನ್ನು ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟೆ. ಅದಾದ ಮೇಲೆ ಅವಳು ಶಾಲೆಗೆ ಬರಲಿಲ್ಲ.

ದೊಡ್ಡವಳಾಗಿದ್ದಳು. ಸುದ್ದಿ ತಿಳಿದು ಮನೆಗೆ ಹೋದೆ. ಅಪ್ಪ ಅಮ್ಮ ಇದ್ದರೂ ಆ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು.

"ಪೋದುಂ ಟೀಚರಮ್ಮ," ಎಂದರು ಅಜ್ಜಿ, ಕಡಲೆಕಾಯಿ ಬಿಡಿಸುತ್ತಾ. "ಓದಿದ್ದು ಸಾಕು. ಇನ್ನು ಬಸ್ ಅತ್ತಿ ಇಳ್ದು ಇಸ್ಕೂಲ್ಗೆ ಓಗೋದು ಬ್ಯಾಡ."

ನಾನು ವಾದ ಮಾಡಿದೆ, ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದೆ, ದನಿಯೇರಿಸಿದೆ. ಅಜ್ಜಿ ತಲೆಯೆತ್ತಲಿಲ್ಲ. "ಬಾನುವಾರ ಒಸಗೆ ಮಡಗಿದ್ದೀವಿ. ಊಟಕ್ಕೆ ಬನ್ನಿ," ಎಂದು ಮಾತು ಮುಗಿಸಿದರು. ಹಿತ್ತಲಿನಿಂದ ಡಬ್ಬಿಯಲ್ಲಿ ನನ್ನದೇ ದನಿ ಕೇಳುತ್ತಿತ್ತು. ಅದಕ್ಕೆ ಹುಡುಗಿ ಉತ್ತರ ಕೊಡುತ್ತಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು.

ಭಾನುವಾರ ಹೋಗಬಾರದೆಂದುಕೊಂಡವಳು ಹೋದೆ. ರಸ್ತೆಗೆ 'ಮಂಜಳ್ ನೀರಾಟ್ಟು ವಿಳಾ' ಎಂದು, ಅಂದರೆ ದೊಡ್ಡವಳಾದವಳಿಗೆ ಅರಿಸಿನದ ನೀರೆರೆಯುವ ಒಸಗೆಯೆಂದು, ತಮಿಳಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಮನೆ ಮುಂದಿನ ಹುಣಸೆಮರಕ್ಕೆ ಮೈಕ್‌ಸೆಟ್ಟಿನ ದೊಡ್ಡ ಕೊಳವೆಗಳು. ಸೋದರಮಾವ ತವರಿನ ಉಡುಗೊರೆ 'ಸೀರು' ಎಂದು ಹಣ್ಣು, ಸೀರೆ, ಬಳೆ ತುಂಬಿದ ತಟ್ಟೆಗಳನ್ನು ಸಾಲಾಗಿ ಹೊರಿಸಿಕೊಂಡು ಬಂದ. ಹುಡುಗಿ ರೇಷ್ಮೆ ಸೀರೆಯಲ್ಲಿ, ಹೂವಿನ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಕಾಲುಗಳನ್ನು ಎಷ್ಟು ಹೊತ್ತು ಹಾಗೆ ಮಡಿಸಿಕೊಂಡಿರುತ್ತಾಳೋ ಎಂದು ನನ್ನ ಕಾಲೇ ಜುಮ್ಮೆನ್ನತೊಡಗಿತು.

ಅಲ್ಲಿಯವರದ್ದೊಂದು ಪದ್ಧತಿ. ಆರತಿ ಹಚ್ಚಿದ ಮೇಲೆ ಸೋದರಮಾವ ಎದ್ದು ನಿಂತು, ತಾನು ಏನೇನು ಕೊಡುತ್ತೇನೆಂದು ಸಭೆಗೆ ಕೇಳುವಂತೆ ಹೇಳಬೇಕು. ಆರತಿಯ ಮುಂದೆ ಯಾರೇ ಆಡಿದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹಿಂದೆ ಯಾವನೋ ಹಸು ಕೊಡುತ್ತೇನೆಂದು ಕೈಕೊಟ್ಟನಂತೆ, ಅವನನ್ನು ಇವತ್ತಿಗೂ ಯಾರೂ ಮದುವೆಗೆ ಕರೆಯುವುದಿಲ್ಲವೆಂದು ಪಕ್ಕದಲ್ಲಿದ್ದ ಹೆಂಗಸು ನನ್ನ ಕಿವಿಯಲ್ಲಿ ಹೇಳಿದಳು.

ಮಾವ ಹೇಳಿ ಮುಗಿಸಿದ. ಅಜ್ಜಿ ಆರತಿ ತಟ್ಟೆ ಎತ್ತಿಕೊಂಡು, "ಪಾಟ್ಟು ಆಕಪ್ಪಾ!" ಎಂದು ಕೂಗಿದರು. ಹಾಡಿನ ಕಾರ್ಡನ್ನು ಮೈಕ್‌ಸೆಟ್ಟಿನವನಿಗೆ ಕೊಟ್ಟಿದ್ದವರು ಅವರೇ. ಮನೆಯಲ್ಲಿ ಹಾಡುವ ವಸ್ತು ಅಂತ ಇದ್ದದ್ದು ಆ ಒಂದೇ ಡಬ್ಬಿ. ಹಾಡೂ ಅದರಲ್ಲೇ ಇರುತ್ತದೆಂದುಕೊಂಡು, ಒಳಗಿನ ಕಾರ್ಡನ್ನೇ ಕಿತ್ತು ಕೊಟ್ಟಿದ್ದರು. ಅವನು ಗುಂಡಿ ಒತ್ತಿ ನೇರ ಊಟದ ಪಂಕ್ತಿಗೆ ಓಡಿದ.

"ಕೇಳ್ರಲಾ ಮಕ್ಳಾ," ಎಂದಿತು ಹುಣಸೆಮರ, ನನ್ನ ದನಿಯಲ್ಲಿ. "ಮೆಟ್ಟೂರು ಅಣೆ ಒಳ್ಗೆ ನೀರು ನಿಂತೈತೆ..."

ಸಭೆಯೆಲ್ಲ ನನ್ನ ಕಡೆ ತಿರುಗಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವ ಮೈಕ್‌ಸೆಟ್ಟಿನ ಹತ್ತಿರ ಓಡಿ ಸಿಕ್ಕಸಿಕ್ಕ ಗುಂಡಿ ಒತ್ತಿದ. ದನಿ ಇನ್ನೂ ಜೋರಾಯಿತೇ ಹೊರತು ನಿಲ್ಲಲಿಲ್ಲ. ಆರತಿ ಆರಬಾರದೆಂದು ಅಜ್ಜಿ ತಟ್ಟೆ ಹಿಡಿದು ನಿಂತೇ ಇದ್ದರು.

"ಈಗ ಯೋಳಿ. ಸುಮ್ನೆ ನಿಂತಿರೋ ನೀರಿಗೆ ಶಕ್ತಿ ಐತಾ, ಇಲ್ವಾ?"

ದನಿ ಸುಮ್ಮನಾಯಿತು. ಬಗ್ಗಿಸಿದ ಕತ್ತನ್ನು ಎತ್ತದೆ, ರೂಢಿಯಂತೆ, ಹುಡುಗಿ ಗಟ್ಟಿಯಾಗಿ ಹೇಳಿದಳು, "ಐತೆ ಟೀಚರ್!"

ಯಾರೋ ಕಿಸಕ್ಕನೆ ನಕ್ಕರು. ಅವಳು ನಾಲಿಗೆ ಕಚ್ಚಿಕೊಂಡಳು. ಪಾಠ ಮುಂದುವರಿಯಿತು. ಮುಂದಿನ ಪ್ರಶ್ನೆ ಬಂತು. ಅವಳು ಉತ್ತರ ಕೊಟ್ಟಳು. ಅದರ ಮುಂದಿನದಕ್ಕೂ ಕೊಟ್ಟಳು, ಈ ಸಲ ಕತ್ತೆತ್ತಿ. ಅಷ್ಟರಲ್ಲಿ ಮಾವ ಗುಂಡಿ ಒತ್ತುವುದನ್ನು ಬಿಟ್ಟಿದ್ದ. ಉತ್ತರ ಸರಿಯಾದಾಗಲೆಲ್ಲ ತನಗೇ ಸೀರು ಬಂದವನಂತೆ ಮೀಸೆಯೊಳಗೆ ನಗುತ್ತಿದ್ದ.

ಕೊನೆಗೆ ಮರ ಕೇಳಿತು, "ನಾಳೆ ಬತ್ತೀಯಾ?"

ಈ ಸಲ ಅವಳು ತಕ್ಷಣ ಹೇಳಲಿಲ್ಲ. ಮರದ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಆರತಿಯನ್ನು ನೋಡಿದಳು. ನಾನು ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದೆ.

"ಬತ್ತೀನಿ ಟೀಚರ್."

ಅಜ್ಜಿಯ ಮುಖ ಬಿಗಿಯಿತು. ಸಭೆಯಲ್ಲಿ ಒಂದು ಸುತ್ತು ಕಣ್ಣಾಡಿಸಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಆರತಿ ಎತ್ತಿದರು.

ಸೋಮವಾರ ನಾನು ದಿನದ ಬಸ್ಸಿಗಿಂತ ಮೊದಲಿನ ಬಸ್ಸು ಹಿಡಿದೆ. ಶಾಲೆಯ ಗೇಟಿನಿಂದ ರಸ್ತೆಗೆ, ರಸ್ತೆಯಿಂದ ಗೇಟಿಗೆ ಅಲೆದೆ. ಬಸ್ಸು ಬಂತು. ಅರಿಸಿನ ಇನ್ನೂ ಹೋಗದ ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಹುಡುಗಿ ಇಳಿದಳು. ಹಿಂದೆಯೇ ಅಜ್ಜಿ.

"ಆರತಿ ಮುಂದೆ ಅಂದ್ಬುಟ್ಟವ್ಳೆ, ಅದ್ಕೇ ಕರ್ಕೊಂಡ್ ಬಂದೆ," ಎಂದರು ಸಿಡುಕಿನಿಂದ. ಒಂದು ಹೆಜ್ಜೆ ಹೋದವರು ತಿರುಗಿ ನಿಂತರು. "ಆ ಡಬ್ಬೀಲಿ ನಾಳೆ ಬತ್ತೀಯಾ ಅಂತ ದಿನಾ ಕೇಳ್ತೀರಾ?"

"ದಿನಾ ಕೇಳ್ತೀನಿ ಅಜ್ಜಿ. ಪ್ರತಿ ಪಾಠದಲ್ಲೂ."

"ಅಯ್ಯೋ ಸಿವನೇ," ಎಂದು ಅಜ್ಜಿ ಮೊಮ್ಮಗಳ ಕಡೆ ನೋಡಿದರು. "ಇವ್ಳು ದಿನಾ ಬತ್ತೀನಿ ಅಂತಾಳಲ್ಲ!"