ಗಂಗಕ್ಕ ಕಂಡ ಚುಕ್ಕಿ

ಗಂಗಕ್ಕ ನಕ್ಷತ್ರ ನೋಡುತ್ತಿದ್ದದ್ದು ಹಾಡಹಗಲಲ್ಲಿ. ಕಿಟಕಿಗೆ ಹಳೆಯ ಚಾದರ ಕಟ್ಟಿ, ಕನ್ನಡಕ ಹಣೆಗೇರಿಸಿ, ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿ ಕೂರುತ್ತಿದ್ದರು. ಮುಂಬಯಿಯ ವಿಕ್ರೋಳಿಯಲ್ಲಿ ನಮ್ಮ ಬಿಲ್ಡಿಂಗಿನ ಮೇಲೆ ಚಂದ್ರ ಕಂಡರೇ ಪುಣ್ಯ. ಆದರೆ ಎಲ್ಲೆಲ್ಲಿಯದೋ ದೊಡ್ಡ ದೂರದರ್ಶಕಗಳು ತೆಗೆದ ಆಕಾಶದ ಫೋಟೋಗಳು ನೆಟ್ಟಿನಲ್ಲಿ ಸಿಗುತ್ತವಲ್ಲ, ಅವನ್ನು ಈ ವಿಜಯಪುರದ ಹೆಂಗಸು ಅಕ್ಕಿ ಆರಿಸುವಂತೆ ಆರಿಸುತ್ತಿದ್ದರು. ಇದ್ದಕ್ಕಿದ್ದಂತೆ ಬೆಳಗುವ ನಕ್ಷತ್ರವೊಂದನ್ನು ಎಲ್ಲರಿಗಿಂತ ಮೊದಲು ಕಾಣಬೇಕು, ಅದರ ಪಕ್ಕದಲ್ಲಿ ತಮ್ಮ ಹೆಸರಿರಬೇಕು. ಇದೊಂದೇ ಅವರ ಆಸೆ.

ರಿಟೈರ್ ಆಗುವವರೆಗೂ ಅವರು ಕಾರ್ಖಾನೆಯಲ್ಲಿ ಔಷಧಿ ಶೀಶೆಗಳ ಬಿರುಕು ಹುಡುಕುವ ಕೆಲಸದಲ್ಲಿದ್ದರು. ಅಲ್ಲೊಂದು ನಿಯಮ. ಒಬ್ಬರು ಕಂಡ ಬಿರುಕನ್ನು, ಏನೂ ಹೇಳಿಸಿಕೊಳ್ಳದ ಇನ್ನೊಬ್ಬರೂ ಕಂಡರೆ ಮಾತ್ರ ಸಹಿ. ಆ ನಿಯಮವನ್ನು ಗಂಗಕ್ಕ ಆಕಾಶಕ್ಕೂ ಹಚ್ಚಿದ್ದರು. ಇನ್ನೊಬ್ಬರು ಎಂದರೆ ಎದುರುಮನೆಯ ನಾನು, ಧ್ರುವ ನಕ್ಷತ್ರ ಯಾವ ದಿಕ್ಕಿಗೆಂದೂ ಅರಿಯದ ಉಡುಪಿಯವಳು.

“ಅದಕ್ಕ ನೀನ ಬೇಕು. ಶ್ಯಾಣ್ಯಾರಿಗೆ ಇಲ್ಲದ್ದೂ ಕಾಣತೈತಿ,” ಎನ್ನುತ್ತಿದ್ದರು.

ಹಳೆಯ ಫೋಟೋ, ಹೊಸ ಫೋಟೋ ಪಕ್ಕಪಕ್ಕ ಇಟ್ಟು, “ಏನ್ ಫರಕ್ ಐತಿ, ಹೇಳವಾ” ಎಂದು ಸುಮ್ಮನಾಗುವರು. ನಾನು ಬಹುಪಾಲು ಸ್ಕ್ರೀನಿನ ಧೂಳನ್ನೇ ತೋರಿಸುತ್ತಿದ್ದೆ. ಅವರು ಸೆರಗಿನಿಂದ ಒರೆಸಿ, ಚಹಾ ಇಡಲು ಏಳುತ್ತಿದ್ದರು.

ಒಂದು ಗುರುವಾರ ನಾನು ಬಾಂದ್ರಾದ ಆಫೀಸಿನಲ್ಲಿದ್ದಾಗ ಫೋನ್ ಬಂತು. “ಬಂದ್ ಹೋಗವಾ. ಎರಡ ಫೋಟೋ ಅದಾವ.” ದನಿ ಸ್ವಲ್ಪ ನಡುಗುತ್ತಿತ್ತು. ನನಗೆ ಅದು ಹೊಳೆಯಬೇಕಿತ್ತು.

“ಇವತ್ತು ಭಾರಿ ಕೆಲಸ ಉಂಟು ಅಕ್ಕ, ನಾಳೆ ಬರ್ತೇನೆ,” ಎಂದೆ. ಶುಕ್ರವಾರವೂ ಅದೇ ರಾಗ ಹಾಡಿದೆ.

ಶನಿವಾರ ಮಧ್ಯಾಹ್ನ ಹೋದೆ. ನೋಡುತ್ತೇನೆ, ಹಳೆಯ ಫೋಟೋದಲ್ಲಿ ಸಾಸಿವೆಯಷ್ಟೂ ಇಲ್ಲದ ಚುಕ್ಕಿ ಹೊಸದರಲ್ಲಿ ಕಡಲೆಕಾಳಿನಷ್ಟಾಗಿತ್ತು. ಕುರುಡಿಗೂ ಕಾಣಬೇಕು. ಬೆರಳಿಟ್ಟೆ. ಗಂಗಕ್ಕ ನನ್ನ ಕೆನ್ನೆ ಹಿಂಡಿ, ಅಲ್ಲೇ ಕೂತು, ಹೊಸ ನಕ್ಷತ್ರಗಳನ್ನು ದಾಖಲಿಸುವ ಸಂಸ್ಥೆಗೆ ವರದಿ ಬರೆದು ಕಳಿಸಿದರು.

ಸೋಮವಾರ ಉತ್ತರ ಬಂತು. ಆ ನಕ್ಷತ್ರವನ್ನು ಶುಕ್ರವಾರವೇ ಬೇರೆ ದೇಶದ ಯಾರೋ ತಿಳಿಸಿಯಾಗಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಫೋನಲ್ಲೇ ಹೇಳಬಾರದಿತ್ತಾ ಅಕ್ಕ? ಓಡಿ ಬರ್ತಿದ್ದೆ.”

“ಹೇಳಿದ್ರ ನೀ ಬಂದು ಹೂಂ ಅಂತಿದ್ದಿ. ಅದು ನಾನ ಎರಡ ಸಲ ನೋಡಿದಂಗ ಆಗತಿತ್ತು, ಅಷ್ಟ.” ಬೈಯಲಿಲ್ಲ. ಆದರೆ ಆ ದಿನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತರು. ನಾನೂ ಹೇಳದೆ ಕುಡಿದೆ.

ಆಮೇಲೂ ಕರೆಯುತ್ತಿದ್ದರು, ನಾನು ಬಿದ್ದೆದ್ದು ಓಡುತ್ತಿದ್ದೆ. ಅಂಥ ಚುಕ್ಕಿ ಮತ್ತೆ ಸಿಗಲಿಲ್ಲ. ಹೋದ ವರ್ಷ ಗಂಗಕ್ಕ ತೀರಿಕೊಂಡರು.

ಅವರ ಮಗಳು ಲ್ಯಾಪ್‌ಟಾಪನ್ನು ನನಗೇ ಕೊಟ್ಟಳು. ಆ ಶನಿವಾರದ ವರದಿ ಅದರಲ್ಲಿತ್ತು. ಅವರು ಬರೆಯುವಾಗ ನಾನು ಪಕ್ಕದಲ್ಲೇ ಮೊಬೈಲ್ ನೋಡುತ್ತ ಕೂತಿದ್ದೆ, ಓದಿರಲೇ ಇಲ್ಲ. ‘ಕಂಡವರು’ ಎಂಬಲ್ಲಿ ಎರಡು ಹೆಸರಿದ್ದವು. ಎರಡು ದಿನ ಕಾಯಿಸಿದವಳದ್ದು ಮೊದಲು.