ನಾಲ್ಕು ಡಿಗ್ರಿ ಮೂವತ್ತು ಮಿನಿಟು

ನಮ್ಮೂರು ಹೊರ್ತಿಯ ಹೊಲವನ್ನು ಅಪ್ಪ ಮತ್ತು ದೊಡ್ಡಪ್ಪ ಭಾಗ ಮಾಡಿಕೊಂಡಾಗ ನಾನು ಬಿಜಾಪುರದ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ತೊಂಬತ್ತರ ದಶಕದ ಕೊನೆ. ಅಣ್ಣ ತಮ್ಮ ಮಾತು ಬಿಟ್ಟು ಎರಡು ಬೇಸಿಗೆ ಕಳೆದಿದ್ದವು. ಜಗಳ ಒಂದು ಬೋರ್‌ವೆಲ್‌ನದು. ಹೊಲದ ಹಿಂಬದಿಯಲ್ಲಿದ್ದ ಅದು ಯಾರ ಪಾಲಿಗೆ ಬೀಳುತ್ತದೋ ಅವರ ಲಿಂಬೆ ಗಿಡಗಳಿಗೆ ನೀರು.

ಪಂಚರು ಬರೆಸಿದ ಕರಾರಿನ ಪ್ರಕಾರ, ರಸ್ತೆ ಬದಿಯ ಕಲ್ಲಿನಿಂದ ಹಿಂದಿನ ಗಡಿಕಲ್ಲಿಗೆ ಒಂದು ನೇರ ಗೆರೆ. ಭಾಗದ ಗೆರೆ ಅದೇ ರಸ್ತೆಕಲ್ಲಿನಿಂದ ಹೊರಟು ನಮ್ಮ ಕಡೆಗೆ ನಾಲ್ಕು ಡಿಗ್ರಿ ಮೂವತ್ತು ಮಿನಿಟು ವಾಲಬೇಕು. ಖಾಸಗಿ ಸರ್ವೇಯರ್ ಕೋನ ಅಳೆಯುವ ಯಂತ್ರ ತಂದಿರಲಿಲ್ಲ. ಟೇಪು, ಕ್ಯಾಲ್ಕುಲೇಟರ್ ಇದ್ದವು. ಸಾವಿರ ಅಡಿ ದೂರದ ಹಿಂದಿನ ಗಡಿಯಲ್ಲಿ ಗೆರೆ ಎಷ್ಟು ಸರಿಯಬೇಕೆಂದು ಲೆಕ್ಕ ಹಾಕಿ, ಎಪ್ಪತ್ತೈದು ಅಡಿಗೆ ಗೂಟ ಬಡಿದ. ಎರಡೇ ಅಡಿ ಅಂತರದಲ್ಲಿ ಬೋರ್‌ವೆಲ್ ನಮಗೆ ಬಂತು.

ಅವನು ಕ್ಯಾಲ್ಕುಲೇಟರ್‌ನಲ್ಲಿ 4.30 ಎಂದು ಒತ್ತಿದಾಗ ರಜೆ ಹಾಕಿ ಊರಿಗೆ ಬಂದಿದ್ದ ನಾನು ಪಕ್ಕದಲ್ಲೇ ಇದ್ದೆ. ಡಿಗ್ರಿಗೆ ಅರವತ್ತು ಮಿನಿಟು, ಮೂವತ್ತೆಂದರೆ ಅರ್ಧ. ಒತ್ತಬೇಕಾದದ್ದು 4.5. ಸಾವಿರ ಅಡಿಗೆ ಮೂರೂವರೆ ಅಡಿಯ ತಪ್ಪು. ನಾನು ಕೂಡಲೇ ಹೇಳಲಿಲ್ಲ. ಅದನ್ನೂ ಬರೆಯಬೇಕು. ಚಹಾ ಬಂತು, ಎಲ್ಲರೂ ಕುಡಿದೆವು.

“ಅವರ ಮನ್ಯಾಗ ಎಷ್ಟು ಸಲ ಉಂಡಿಯೋ?” ಎಂದ ದೊಡ್ಡಪ್ಪ, ಸರ್ವೇಯರ್‌ಗೆ. “ನಿನ್ನ ಟೇಪು ಅವರ ಕಡೀಗೆ ಯಾಕ ಜಗ್ಗತೈತಿ?”

“ನಾಲಿಗಿ ಹಿಡೀರಿ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಾ ಕಡೆ ಹಿಂಗ ಅಳದೇನಿ. ಒಬ್ರೂ ತಪ್ಪಂದಿಲ್ಲ.”

ಅಪ್ಪ ನಕ್ಕ. “ಸಾಲಿ ಮೆಟ್ಟಲಾ ಹತ್ತದವರಿಗೆ ಏನ್ ಲೆಕ್ಕ ಹೇಳ್ತೀರಿ? ಹೆಬ್ಬಟ್ಟು ಒತ್ತಸ್ರಿ.”

ಪಂಚರಲ್ಲೊಬ್ಬರು ಅಳತೆ ಬರೆದ ಕಾಗದ ಹರಡಿ ಶಾಯಿಯ ಡಬ್ಬಿ ಮುಂದೆ ತಳ್ಳಿದರು. ದೊಡ್ಡಪ್ಪ ಹೆಬ್ಬೆರಳು ಅದ್ದಿದ. ಬೆರಳು ಕಾಗದದ ಮೇಲೆ ಬಂದಿತ್ತು.

“ತಡೀರಿ ದೊಡ್ಡಪ್ಪ,” ಎಂದೆ. ಸರ್ವೇಯರ್ ಕಡೆ ತಿರುಗಿದೆ. “ಮೂವತ್ತು ಮಿನಿಟಂದ್ರ ಅರ್ಧ ಡಿಗ್ರಿರಿ. ಪಾಯಿಂಟ್ ಮೂರಲ್ಲ, ಪಾಯಿಂಟ್ ಐದು ಒತ್ರಿ.”

ಅವನು ಮೂರು ಸಲ ಒತ್ತಿದ. ಮೂರು ಸಲವೂ ಎಪ್ಪತ್ತೆಂಟು ಅಡಿ ಚಿಲ್ಲರೆ ಬಂತು. ಗೂಟ ಕಿತ್ತು ನಮ್ಮ ಕಡೆಗೆ ಸರಿಸಿ ಬಡಿದರು. ಬೋರ್‌ವೆಲ್ ದೊಡ್ಡಪ್ಪನದಾಯಿತು.

ಅವನು ಬೆರಳಿನ ಶಾಯಿಯನ್ನು ಧೋತರಕ್ಕೆ ಒರೆಸಿಕೊಂಡು ನನ್ನನ್ನು ನೋಡಿದ. “ಚಾ ಕುಡಿಯೂತನಕ ಬಾಯಾಗ ಏನ್ ಇಟ್ಕೊಂಡಿದ್ದಿ?”



“ಅಂವ ಬಟ್ಟು ಒತ್ತೂತನಕ ಇಟ್ಕೊಂಡಿದ್ರ ಸಾಯ್ತಿದ್ದೇನು?” ಎಂದ ಅಪ್ಪ.

ತಿದ್ದಿದ ಕಾಗದಕ್ಕೆ ಅಪ್ಪ ಓದದೆಯೇ ಸಹಿ ಹಾಕಿದ. ನನಗೆ ಇನ್ನೂ ಎರಡು ದಿನ ರಜೆ ಇತ್ತು. ಅವನು ಮನೆಗೆ ಹೋಗಿ ನನ್ನ ಚೀಲ ತಂದು ರಸ್ತೆಯ ಬದಿಗಿಟ್ಟ, ಬಿಜಾಪುರದ ಬಸ್ಸಿಗೆ ತಾನೇ ಕೈ ಮಾಡಿದ.